ಆಯುಧಪೂಜೆಯ ರಿವಾಲ್ವರ್

ರಿವಾಲ್ವರಿನ ಲೈಸೆನ್ಸನ್ನು ನವೀಕರಿಸಲು ಸಾಧ್ಯವಿಲ್ಲ ಎಂಬ ಆದೇಶ ಬಂದ ದಿನ ನಮ್ಮ ಮಾವ ಮಹಾಲಿಂಗಪ್ಪನವರು ಉಪ್ಪಿಟ್ಟಿನ ತಟ್ಟೆಯನ್ನು ದೂರ ಸರಿಸಿ, ಹೈಕೋರ್ಟಿಗೆ ಹೋಗೋಣ ಎಂದರು. ಅವರ ಮಟ್ಟಿಗೆ ಹೈಕೋರ್ಟ್ ಎಂದರೆ ನಾನು. ಮದ್ರಾಸ್ ಹೈಕೋರ್ಟಿನಲ್ಲಿ ವಕೀಲಿಕೆ ಮಾಡುವ ಸೊಸೆ ಮನೆಯಲ್ಲೇ ಇರುವಾಗ ನ್ಯಾಯವೂ ಫ್ರಿಜ್ಜಿನಲ್ಲಿಟ್ಟ ಹಾಲಿನ ಹಾಗೆ, ಬೇಕೆಂದಾಗ ತೆಗೆದುಕೊಳ್ಳುವ ವಸ್ತು ಎಂದು ಅವರು ತಿಳಿದಿದ್ದರು. ನನಗೂ ನನ್ನ ಕೆಲಸದ ಬಗ್ಗೆ ಸಂಕೋಚವೇನಿಲ್ಲ. ಯಾವ ಕೇಸು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ಮೊದಲ ಪುಟ ಓದಿಯೇ ಹೇಳಬಲ್ಲೆ. ಇದು ಸೋಲುವ ಕೇಸು ಎಂದು ಹೇಳಿ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದೆ.

ಆ ರಿವಾಲ್ವರ್ ಮಾವನ ತಂದೆ ನಂಜುಂಡಪ್ಪನವರದು. ಗುಂಡ್ಲುಪೇಟೆಯಿಂದ ಬಂದು ಪೆರಂಬೂರಿನಲ್ಲಿ ಮನೆ ಮಾಡಿದ ಅವರು ರೈಲ್ವೆಯಲ್ಲಿ ಸಂಬಳ ಹಂಚುವ ಗುಮಾಸ್ತರಾಗಿದ್ದರು. ತಿಂಗಳಿಗೊಮ್ಮೆ ಕಬ್ಬಿಣದ ಪೆಟ್ಟಿಗೆಯ ಜೊತೆ ರೈಲು ಹತ್ತಿ, ಹೆಸರೇ ಕೇಳದ ಸ್ಟೇಷನ್ನುಗಳಲ್ಲಿ ಇಳಿದು, ಹಳಿ ಕಾಯುವವರಿಗೆಲ್ಲ ಅವರವರ ಸಂಬಳ ಎಣಿಸಿ ಕೊಟ್ಟು ಬರುತ್ತಿದ್ದರು. ಆ ದಾರಿಯ ಧೈರ್ಯಕ್ಕೆಂದು ಕೊಂಡದ್ದು ಇದು. ಮೈಗೆಲ್ಲ ನಿಕಲ್ ಲೇಪವಿದ್ದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅವರು ಅದರಿಂದ ಒಂದು ಗುಂಡನ್ನೂ ಹಾರಿಸಲಿಲ್ಲ. ಅವರು ತೀರಿಕೊಂಡ ಮೇಲೆ ಲೈಸೆನ್ಸು ಮಾವನ ಹೆಸರಿಗೆ ಬಂತು. ಮಾವನೂ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರು ಕೈಯಲ್ಲಿ ಹಿಡಿದ ಅತಿ ಅಪಾಯದ ವಸ್ತು ಕೆಂಪು ಶಾಯಿಯ ಪೆನ್ನು.

ಆದರೂ ಆ ರಿವಾಲ್ವರ್ ಅವರಿಗೆ ಪ್ರಾಣ. ಅಪ್ಪನ ಫೋಟೊ ಒಂದೇ ಒಂದು ಇತ್ತು, ಅದು 2015ರ ಮಳೆಯಲ್ಲಿ ನೀರು ಕುಡಿದು ಅಳಿಸಿಹೋಯಿತು. ಉಳಿದದ್ದು ಇದು ಮಾತ್ರ. ಲೈಸೆನ್ಸ್ ಹೋದರೆ ರಿವಾಲ್ವರನ್ನು ಒಪ್ಪಿಸಬೇಕು. ಒಪ್ಪಿಸಿದ್ದನ್ನು ಗೊತ್ತುಪಡಿಸಿದ ಅವಧಿಯೊಳಗೆ ಲೈಸೆನ್ಸ್ ಇರುವ ಯಾರಿಗಾದರೂ ಮಾರಬೇಕು, ಇಲ್ಲದಿದ್ದರೆ ಅದು ಸರ್ಕಾರದ ಪಾಲು. ನನ್ನ ಗಂಡ ಶಿವಕಿರಣ ಇನ್ಶೂರೆನ್ಸ್ ಕಂಪನಿಯಲ್ಲಿದ್ದಾನೆ. ಮನೆಯಲ್ಲಿ ಬಂದೂಕಿದ್ದರೆ ಏನೇನು ಅನಾಹುತವಾಗಬಹುದು ಎಂದು ಅವನಿಗೆ ಕೋಷ್ಟಕ ಸಮೇತ ಗೊತ್ತು. ತನ್ನ ಹೆಸರಿಗೆ ಅದನ್ನು ಬರೆಸಿಕೊಳ್ಳುವುದಿಲ್ಲ ಎಂದು ಅವನು ಹಿಂದೆಯೇ ಕೈ ಮುಗಿದಿದ್ದ.

ಕಮಿಷನರ್ ಕಚೇರಿಯ ಆದೇಶದಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ನಮ್ಮ ಕಾಯ್ದೆ ಎಲ್ಲ ಬಂದೂಕುಗಳನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಬೆಳೆ ಕಾಯಲು, ಆತ್ಮರಕ್ಷಣೆಗೆ ಎಂದು ಕೇಳುವ ಉದ್ದ ನಳಿಕೆಯ ಸಾದಾ ಬಂದೂಕಿನ ವಿಷಯದಲ್ಲಿ ಅದು ಸ್ವಲ್ಪ ಸಡಿಲ. ಅಂಗಿಯೊಳಗೆ ಅಡಗುವ ಪಿಸ್ತೂಲು, ರಿವಾಲ್ವರುಗಳ ವಿಷಯದಲ್ಲಿ ಮಾತ್ರ, ನಿನಗೆ ಇದು ಬೇಕೆನ್ನಲು ಸರಿಯಾದ ಕಾರಣವೇನು ಎಂದು ಕೇಳುತ್ತದೆ. ಪೊಲೀಸರು ಬಂದು ನೋಡಿ, ಅರ್ಜಿದಾರರು ಎಪ್ಪತ್ತು ದಾಟಿದ ನಿವೃತ್ತರು, ಅವರಿಗೆ ಯಾರಿಂದಲೂ ಬೆದರಿಕೆ ಇಲ್ಲ, ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುತ್ತಾರೆ ಎಂದು ವರದಿ ಬರೆದಿದ್ದರು. ಪಾರ್ಕಿನ ವಿಷಯ ಓದಿ ಮಾವನಿಗೆ ಬಹಳ ಅವಮಾನವಾಯಿತು.

ಮರುದಿನದಿಂದ ನಮ್ಮ ವರಾಂಡದಲ್ಲಿ ಸಂವಿಧಾನ ಪೀಠ ಕೂತಿತು. ಪೀಠದಲ್ಲಿ ಇಬ್ಬರು ನ್ಯಾಯಮೂರ್ತಿಗಳು. ಒಬ್ಬರು ಮಾವ, ಇನ್ನೊಬ್ಬರು ಪಕ್ಕದ ಮನೆಯ ಸೀತಾರಾಮ ರಾಯರು. ರಾಯರು ಉಡುಪಿಯ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಎರಡು ಮನೆಗಳ ನಡುವಿನ ಕಾಂಪೌಂಡ್ ಗೋಡೆಯನ್ನು ಯಾವಾಗಲೋ ಒಡೆದು ಒಬ್ಬರು ದಾಟುವಷ್ಟು ಸಂದು ಮಾಡಿದ್ದಾರೆ. ಆ ಸಂದಿನಿಂದ ರಾಯರು ದಿನಾ ಬೆಳಿಗ್ಗೆ ಕಾಫಿಗೆ ಬರುತ್ತಾರೆ. ಮಾವನಿಗೆ ಎದೆನೋವು ಬಂದಾಗ, ಶಿವಕಿರಣ ಊರಿನಲ್ಲಿರಲಿಲ್ಲ, ನಾನು ಕೋರ್ಟಿನಲ್ಲಿದ್ದೆ, ಅದೇ ಸಂದಿನಿಂದ ಬಂದು ಅವರನ್ನು ಹೆಗಲಿಗೆ ಆನಿಸಿಕೊಂಡು ಆಟೊ ಹತ್ತಿಸಿದ್ದು ಈ ರಾಯರೇ. ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದಿದ್ದರು.

ಆಯುಧ ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು ಎಂಬ ಮಾವನ ವಾದದಲ್ಲಿ ಹುರುಳೇ ಇರಲಿಲ್ಲ ಎನ್ನಲಾರೆ. ಲೈಸೆನ್ಸ್ ಎಂಬುದು ಬ್ರಿಟಿಷರು 1878ರಲ್ಲಿ ಗಟ್ಟಿಮಾಡಿದ ಏರ್ಪಾಡು. ಆಗ ಅದು ಬೇಕಿದ್ದದ್ದು ನಮ್ಮವರಿಗೆ, ಬಿಳಿಯರಿಗಲ್ಲ. ದಂಗೆಯ ಹೆದರಿಕೆಯಿಂದ ಹುಟ್ಟಿದ ಕಾನೂನು ಅದು. ಅದಕ್ಕೇ ಸ್ವಾತಂತ್ರ್ಯ ಹೋರಾಟಗಾರರು 1931ರಲ್ಲಿ ಮಾಡಿದ ಕರಾಚಿ ಗೊತ್ತುವಳಿಯ ಹಕ್ಕುಗಳಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿದ್ದರು. ಇದನ್ನು ರಾಯರು ಎಲ್ಲಿಂದಲೋ ಓದಿಕೊಂಡು ಬಂದು ಮಾವನಿಗೆ ಒಪ್ಪಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೂ ನಮ್ಮವರೇ ನಮ್ಮನ್ನು ನಂಬದಿದ್ದರೆ ಹೇಗೆ ಎಂದು ಮಾವ ಕೇಳಿದರು. ಸಂವಿಧಾನ ಸಭೆಯಲ್ಲಿ ಅದೇ ಹಕ್ಕನ್ನು ಸೇರಿಸಲು ತಿದ್ದುಪಡಿ ಬಂದಿತ್ತು, ಸಭೆ ಅದನ್ನು ಒಪ್ಪಲಿಲ್ಲ ಎಂದು ನಾನು ಹೇಳಿದೆ. ಗುಂಪುಗಲಭೆಗಳ ರಕ್ತ ಇನ್ನೂ ಆರದ ಕಾಲ ಅದು. ಆಯುಧ ಹಿಡಿಯುವ ಹಕ್ಕು ಎಲ್ಲರಿಗೂ ಅಂದರೆ, ಗಲಭೆ ಮಾಡುವವನಿಗೂ ಅಂದಂತೆ ಎಂಬ ಭಯ ಅವರಿಗಿತ್ತು. ಉತ್ತರದ ಒಂದು ಹೈಕೋರ್ಟು ಆಮೇಲೊಮ್ಮೆ, ಬದುಕುವ ಹಕ್ಕಿನೊಳಗೇ ಬಂದೂಕಿನ ಹಕ್ಕೂ ಸೇರಿದೆ ಎಂದದ್ದುಂಟು. ಅದೇ ಕೋರ್ಟಿನ ದೊಡ್ಡ ಪೀಠ ಆ ಮಾತನ್ನು ಅಳಿಸಿಹಾಕಿತು.

ಮಾವ ಕೊನೆಯ ಅಸ್ತ್ರ ತೆಗೆದರು.

"ಅದೆಲ್ಲಾ ಇರಲಿ ಪೂರ್ಣಿ. ಕೊಡಗಿನೋರಿಗೆ ಲೈಸೆನ್ಸೇ ಬ್ಯಾಡ್ವಂತೆ. ಗುಂಡ್ಲುಪೇಟೆಗೂ ಕೊಡಗಿಗೂ ಏನು ಮಹಾ ದೂರ?"

ಕೊಡವರಿಗೂ ಅಲ್ಲಿ ಜಮ್ಮಾ ಎಂಬ ತಲೆತಲಾಂತರದ ಜಮೀನು ಇರುವವರಿಗೂ ಇರುವ ವಿನಾಯಿತಿ ಅವರ ಇತಿಹಾಸ, ಆಚರಣೆಗಳಿಂದ ಬಂದದ್ದು, ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ, ಕಿಲೋಮೀಟರ್ ಲೆಕ್ಕದಲ್ಲಿ ಅದು ಪಕ್ಕದ ತಾಲ್ಲೂಕಿಗೆ ಹರಿದು ಬರುವುದಿಲ್ಲ ಎಂದು ನಾನು ವಿವರಿಸಿದೆ. ನಮಗೂ ಆಯುಧಪೂಜೆ ಇದೆಯಲ್ಲ ಎಂದರು ಮಾವ. ರಾಯರು ತಲೆದೂಗಿದರು. ಹಾಗಾದರೆ ಚೆನ್ನೈಯ ಆಟೊದವರೆಲ್ಲ ಬಂದೂಕು ಕೇಳಬಹುದು ಎಂದು ನಾನು ಚೀಲ ಹೆಗಲಿಗೇರಿಸಿದೆ.

ಇಷ್ಟೆಲ್ಲ ನಡೆಯುವಾಗ ಅತ್ತೆ ಸುಮಿತ್ರಮ್ಮನವರು ಬಾಯಿ ಬಿಡಲಿಲ್ಲ. ಅವರು ವರಾಂಡಕ್ಕೆ ಕಾಫಿ ತಂದಿಡುತ್ತಿದ್ದರು, ಖಾಲಿ ಲೋಟ ತೆಗೆದುಕೊಂಡು ಹೋಗುತ್ತಿದ್ದರು. ರಿವಾಲ್ವರ್ ಇದ್ದದ್ದು ದೇವರ ಮನೆಯ ಕಬ್ಬಿಣದ ಬೀರುವಿನಲ್ಲಿ, ಅದರ ಬೀಗದ ಕೈ ಅತ್ತೆಯ ಸೊಂಟದಲ್ಲಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅವರೇ ಅದನ್ನು ತೆಗೆದು, ಹಿತ್ತಾಳೆಯ ದೀಪ, ತಾಮ್ರದ ಬಿಂದಿಗೆಗಳ ಜೊತೆ ತೊಳೆದು, ಒರೆಸಿ, ಮಣೆಯ ಮೇಲಿಟ್ಟು ವಿಭೂತಿ ಎಳೆದು ಹೂ ಏರಿಸುತ್ತಿದ್ದರು. ಮಾವ ದೂರದಿಂದ ಕೈ ಮುಗಿಯುತ್ತಿದ್ದರು. ಪೂಜೆಗೆ ಇಟ್ಟದ್ದನ್ನು ಆಟಕ್ಕೆ ಮುಟ್ಟಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಚುನಾವಣೆ ಬಂದಾಗ ಮಾವ ಅದನ್ನು ಬಟ್ಟೆಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಸುತ್ತಿದ ಬಟ್ಟೆಯಲ್ಲೇ ತರುತ್ತಿದ್ದರು. ಠಾಣೆಯವರು ನೋಡುತ್ತಿದ್ದದ್ದು ನಂಬರನ್ನು ಮಾತ್ರ.

ಅತ್ತೆಯ ಅಡುಗೆಮನೆ ಇನ್ನೊಂದು ಸರ್ಕಾರ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಸೊಸೆ ಕೆಲಸಗಳ್ಳಿ ಅನ್ನಿಸಿಕೊಳ್ಳಬಾರದೆಂದು ಅವರ ದೋಸೆ ಕಾವಲಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದೆ. ಅವರು ನನ್ನನ್ನು ಬೈದದ್ದು ಅದೊಂದೇ ಸಲ. ಆ ಬೈಗುಳ ಇನ್ನೂ ಕಿವಿಯಲ್ಲಿದೆ.

ಹೈಕೋರ್ಟಿಗೆ ಮುಂಚೆ ಸರ್ಕಾರದ ಮೇಲಧಿಕಾರಿಯ ಹತ್ತಿರ ಹೋಗಬೇಕಿತ್ತು, ಅಲ್ಲಿಗೆ ನಾನು ಮೇಲ್ಮನವಿ ಹಾಕಿದೆ. ಸೋಲುವ ಕೇಸನ್ನೂ ಅಚ್ಚುಕಟ್ಟಾಗಿ ಹಾಕಬೇಕು ಎಂಬುದು ನನ್ನ ನಿಯಮ. ತೀರ್ಮಾನವಾಗುವ ತನಕ ರಿವಾಲ್ವರನ್ನು ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಇಡಬೇಕಿತ್ತು. ಒಂದು ಶನಿವಾರ ಮಾವ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಆಟೊದಲ್ಲಿ ಕೂತರು. ಎಗ್ಮೋರ್ ದಾಟುವವರೆಗೂ ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಅಂಗಡಿಯವನು ಗಂಟು ಬಿಚ್ಚಿ, ಬಹಳ ಹಳೆಯ ಮಾಲು ಎಂದು ಮೆಚ್ಚಿದ. ಒಳಗೆ ಗುಂಡು ಇದೆಯೋ ಇಲ್ಲವೋ ಎಂದು ನೋಡದೆ ಯಾವ ಬಂದೂಕನ್ನೂ ಒಳಗಿಡುವುದಿಲ್ಲ ಎಂದು ಸಿಲಿಂಡರನ್ನು ತಿರುಗಿಸಲು ಹೋದ. ಅದು ತಿರುಗಲಿಲ್ಲ. ಎಣ್ಣೆ ಬಿಟ್ಟು ಕಾದು ಮತ್ತೆ ತಿರುಗಿಸಿದ. ಅಲುಗಲಿಲ್ಲ. ಟಾರ್ಚ್ ಹಾಕಿ ಮುಂದಿನಿಂದ ನೋಡಿ, ಗುಂಡು ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಹಿಡಿಕೆಯ ಮೇಲಿನ ಹಲಗೆಯನ್ನು ಬಿಚ್ಚಿದ. ಒಳಗಿನಿಂದ ಕೆಂಪು ತುಕ್ಕು ಕಾಗದದ ಮೇಲೆ ರಾಶಿಯಾಗಿ ಉದುರಿತು. ಅದರಲ್ಲಿ ಸ್ಪ್ರಿಂಗಿನ ತುಂಡುಗಳೂ ಇದ್ದವು, ವಿಭೂತಿಯೂ ಇತ್ತು, ಒಣಗಿ ಕಲ್ಲಾದ ಹುಣಸೆಯ ನಾರೂ ಇತ್ತು.

ಅಂಗಡಿಯವನು ತಮಿಳಿನಲ್ಲಿ, ಮನೆಯಲ್ಲಿ ಇದನ್ನು ಯಾರು ತೊಳೆಯುತ್ತಾರೆ ಎಂದು ಕೇಳಿದ. ಮೇಲಿನ ನಿಕಲ್ ಮಾತ್ರ ಉಳಿದಿದೆ, ಒಳಗೆ ಹುಳಿ ಇಳಿದು ಎಲ್ಲವನ್ನೂ ತಿಂದುಹಾಕಿದೆ, ನಳಿಕೆಯೂ ಹೋಗಿದೆ ಎಂದ. ಮಾವ ರಿಪೇರಿ ಮಾಡಿಕೊಡಿ ಎಂದರು. ಇದರಲ್ಲಿ ರಿಪೇರಿ ಮಾಡಲು ಏನೂ ಉಳಿದಿಲ್ಲ, ಎಲ್ಲ ಹೊಸದು ಹಾಕಿದರೆ ಅದು ಬೇರೆ ಬಂದೂಕಾಗುತ್ತದೆ ಎಂದು ಅವನು ಕೈ ಚೆಲ್ಲಿದ.

ಮಾವ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತರು. ನನಗಂತೂ ಒಳಗೊಳಗೇ ದೀಪ ಹೊತ್ತಿಕೊಂಡಿತ್ತು. ಕಾಯ್ದೆಯ ಕೊನೆಯ ಕಡೆಗೆ, ಯಾರೂ ಓದದ ಜಾಗದಲ್ಲಿ ಒಂದು ಕಲಮು ಇದೆ. ಕೆಟ್ಟುಹೋಗಿ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲಾಗದ ಆಯುಧಕ್ಕೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಕಾಯ್ದೆ ಇಲ್ಲವೆಂದರೆ ಲೈಸೆನ್ಸೂ ಬೇಡ, ಕಾರಣವೂ ಬೇಡ, ಪಾರ್ಕಿನಲ್ಲಿ ನಡೆದರೂ ತೊಂದರೆಯಿಲ್ಲ. ಸೋಲುವ ಕೇಸು ನನ್ನ ಕಣ್ಣೆದುರಿಗೇ ಗೆಲ್ಲುವ ಕೇಸಾಗಿತ್ತು. ಆಟೊದಲ್ಲಿ ಬರುವಾಗ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಮಾವ ಮುಖ ತಿರುಗಿಸಿಕೊಂಡು ರಸ್ತೆ ನೋಡುತ್ತಿದ್ದರು.

ಅವರ ಸಂಕಟ ನನಗೆ ಅರ್ಥವಾಗಲು ಸಂಜೆಯಾಯಿತು. ಈಗ ಅವರ ಮುಂದೆ ಎರಡೇ ದಾರಿ. ರಿವಾಲ್ವರಿಗೆ ಜೀವವಿದೆ ಎಂದರೆ ಲೈಸೆನ್ಸ್ ಬೇಕು, ಲೈಸೆನ್ಸ್ ಸಿಗುವುದಿಲ್ಲ, ಅದು ಕೈತಪ್ಪುತ್ತದೆ. ಮನೆಯಲ್ಲಿ ಉಳಿಯಬೇಕೆಂದರೆ, ಅಪ್ಪನ ರಿವಾಲ್ವರ್ ಸತ್ತಿದೆ ಎಂದು ಮಗನೇ ಪ್ರಮಾಣಪತ್ರ ಬರೆದು ಸಹಿ ಹಾಕಬೇಕು. ಇಷ್ಟು ವರ್ಷ ಈ ಮನೆಯನ್ನು ಕಾಯುತ್ತಿದೆ ಎಂದು ನಂಬಿದ್ದದ್ದು ಒಂದು ತುಕ್ಕಿನ ಪೊಟ್ಟಣ ಎಂದು ಸರ್ಕಾರದ ಮುಂದೆ ಒಪ್ಪಿಕೊಳ್ಳಬೇಕು. ಅದಕ್ಕಿಂತ ಹೈಕೋರ್ಟಿನಲ್ಲಿ ಹಕ್ಕಿಗಾಗಿ ಹೋರಾಡಿ ಸೋಲುವುದು ಮೇಲು ಎಂದು ಅವರು ಪಟ್ಟು ಹಿಡಿದರು.

ರಾಯರು ಸುಮ್ಮನಿರುವವರಲ್ಲ. ಉತ್ತರದಲ್ಲೆಲ್ಲೋ ಎಂಥ ಬಂದೂಕನ್ನೂ ಹೊಸದರ ಹಾಗೆ ಮಾಡಿಕೊಡುವವರ ವೀಡಿಯೊ ನೋಡಿದ್ದೇನೆ ಎಂದು ಫೋನು ತೆಗೆದರು.

"ಒಂದು ಸಲ ತೋರಿಸಿ ನೋಡುವ ಮಾರಾಯ್ರೆ. ಹೋಗುವಾಗ ನಾನೂ ಬರ್ತೇನೆ," ಎಂದರು.

ನನಗೆ ನೆತ್ತಿಗೇರಿತು. ಅದು ಜೈಲಿಗೆ ಹೋಗುವ ದಾರಿ, ಇಬ್ಬರೂ ಒಟ್ಟಿಗೆ ಹೋದರೆ ಅಲ್ಲಿ ಬೆಳಗಿನ ಕಾಫಿಗೆ ಸಂದು ಕೊರೆಯುವ ಕಷ್ಟವೂ ಇರುವುದಿಲ್ಲ ಎಂದೆ. ರಾಯರು ಫೋನನ್ನು ಜೇಬಿಗೆ ಹಾಕಿಕೊಂಡರು.

ಆಗ ಮಾವ ಅಡುಗೆಮನೆಯ ಕಡೆಗೆ ತಿರುಗಿ, ಎಲ್ಲ ನಿನ್ನ ಭಕ್ತಿಯಿಂದ ಆದದ್ದು, ಹಿತ್ತಾಳೆ ಯಾವುದು ಕಬ್ಬಿಣ ಯಾವುದು ಎಂದು ಗೊತ್ತಾಗಲಿಲ್ಲವೇ ಎಂದು ಕೂಗಾಡಿದರು. ಅತ್ತೆ ಬಾಗಿಲಿಗೆ ಬಂದು ನಿಂತರು. ಸೆರಗಿನಿಂದ ಕೈ ಒರೆಸಿಕೊಂಡರು.

"ಬೆಳ್ಳಿ ಥರ ಹೊಳೀತಿತ್ತು, ತೊಳೆದೆ. ನಂಗೇನು ಗೊತ್ತಿತ್ತು ಬಂದೂಕಿನ ವಿಷ್ಯ. ಸತ್ತಿದ್ರೆ ಸತ್ತಿರ್ಲಿ ಬುಡಿ, ನಿಮ್ಮಪ್ಪಾಜೀದು ಮನೇಲೇ ಇರ್ತದಲ್ಲ. ಸತ್ತೋರ ಫೋಟೊ ಇಟ್ಕೊಳಲ್ವಾ?"

ಅಳಿಸಿಹೋದ ಆ ಫೋಟೊ ಮಾವನಿಗೆ ನೆನಪಾಗಿರಬೇಕು. ಕಣ್ಣು ಒದ್ದೆಯಾಯಿತು. ಮರುದಿನ ಸ್ನಾನ ಮುಗಿಸಿ ಬಂದವರೇ, ಎಲ್ಲಿ ಸಹಿ ಹಾಕಬೇಕು ತೋರಿಸು ಎಂದರು. ಸಾಕ್ಷಿಯಾಗಿ ರಾಯರು ಸಹಿ ಹಾಕಿದರು, ತಮ್ಮ ಬ್ಯಾಂಕಿನ ಕಾಲದ ಉದ್ದನೆಯ ಸಹಿ.

ವಿಚಾರಣೆಯ ದಿನ ನಾನು ಹೊಸ ಕೋಟು ಹಾಕಿಕೊಂಡು ಹೋದೆ. ಪೊಲೀಸ್ ಇಲಾಖೆಯಲ್ಲಿ ಬಂದೂಕು ದುರಸ್ತಿ ನೋಡಿಕೊಳ್ಳುವ ಆರ್ಮರರ್ ರಿವಾಲ್ವರನ್ನು ಪರೀಕ್ಷಿಸಿ, ಯಾವ ರಿಪೇರಿಯಿಂದಲೂ ಇದು ಬಂದೂಕಾಗಲಾರದು ಎಂದು ಬರೆದುಕೊಟ್ಟಿದ್ದ. ಮೇಲ್ಮನವಿ ಕೇಳಿದ ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ಸರ್ಕಾರದ ಕಡೆಯ ವಕೀಲ, ಲೈಸೆನ್ಸ್ ಬೇಕೆಂದು ಬಂದವರು ಈಗ ಲೈಸೆನ್ಸೇ ಬೇಡ ಎನ್ನುತ್ತಾರೆ, ಇದೆಂಥ ವಾದ ಎಂದು ಆಕ್ಷೇಪ ಎತ್ತಿದ. ನಾನು ಒಂದೊಂದಾಗಿ ಬಿಡಿಸಿಟ್ಟೆ. ಆಯುಧ ಇಟ್ಟುಕೊಳ್ಳುವುದು ಮೂಲಭೂತ ಹಕ್ಕು ಎಂದು ನಾನು ವಾದಿಸುತ್ತಿಲ್ಲ. ಕೈಯಲ್ಲಿ ಅಡಗುವ ಆಯುಧಕ್ಕೆ ಕಾರಣ ಕೇಳುವ ಅಧಿಕಾರ ಸರ್ಕಾರಕ್ಕಿದೆ, ಆ ಅಧಿಕಾರ ಸಂವಿಧಾನಕ್ಕೆ ಒಪ್ಪುವಂಥದ್ದೇ. ಆದರೆ ಆ ಅಧಿಕಾರ ನಿಂತಿರುವುದು ಅಪಾಯದ ಮೇಲೆ. ಅಪಾಯ ಇಲ್ಲವಾದ ಕಡೆ ಅಧಿಕಾರವೂ ಇಲ್ಲವಾಗುತ್ತದೆ ಎಂದು ಕಾಯ್ದೆಯೇ ಹೇಳಿದೆ. ಆಮೇಲೆ ಉಳಿಯುವುದು ಒಬ್ಬ ಮಗನಿಗೆ ತಂದೆ ಬಿಟ್ಟುಹೋದ ವಸ್ತು, ಅದಕ್ಕೆ ಕಾರಣ ಕೇಳುವ ಕೆಲಸ ಯಾವ ಸರ್ಕಾರದ್ದೂ ಅಲ್ಲ.

ಅಧಿಕಾರಿ ಕಡತ ಮುಚ್ಚುತ್ತ, ಇಷ್ಟು ಚೆನ್ನಾಗಿ ಕೆಟ್ಟುಹೋಗಲು ಏನು ಮಾಡಿದಿರಿ ಎಂದು ಕೇಳಿದರು. ನಮ್ಮ ಅತ್ತೆ ಏನೂ ಅರಿಯದೆ ಪ್ರತಿ ಆಯುಧಪೂಜೆಗೂ ಇದನ್ನು ದೀಪದ ಜೊತೆ ಹುಣಸೆಹಣ್ಣಿನಲ್ಲಿ ತೊಳೆಯುತ್ತಿದ್ದರು ಎಂದೆ. ಅವರು ಕನ್ನಡಕ ತೆಗೆದು ನಕ್ಕರು, ತಮ್ಮ ತಾಯಿಯೂ ಹಿತ್ತಾಳೆಯ ದೀಪದ ಕಂಬ ಕುತ್ತುವಿಳಕ್ಕನ್ನು ಹಾಗೇ ತೊಳೆಯುವುದು ಎಂದರು. ಸರ್ಕಾರದ ವಕೀಲನೂ ನಕ್ಕ. ರಿವಾಲ್ವರನ್ನು ಮಾಲೀಕರಿಗೆ ಮರಳಿಸಬೇಕು, ಅದಕ್ಕೆ ಲೈಸೆನ್ಸಿನ ಅಗತ್ಯವಿಲ್ಲ ಎಂದು ಆದೇಶವಾಯಿತು. ನಾನು ಅಲ್ಲಿಂದ ಮನೆಯವರೆಗೂ ಆಟೊದ ಸೀಟಿನ ತುದಿಯಲ್ಲಿ ಕೂತು ಬಂದೆ. ಅಷ್ಟು ಸಂತೋಷವಾಗಿತ್ತು.

ಮಾವ ರಿವಾಲ್ವರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹೊಸದಾಗಿ ಕೊಂಡುತಂದವರ ಹಾಗೆ ಮನೆಯವರಿಗೆಲ್ಲ ತೋರಿಸಿದರು. ಮೊದಲ ಬಾರಿಗೆ ಅದನ್ನು ಬೀರುವಿನಲ್ಲಿಡದೆ, ದೇವರ ಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ವರಾಂಡದ ಪೀಠ ಬೇರೆ ವಿಷಯ ಕೈಗೆತ್ತಿಕೊಂಡಿತು. ಮಾವನ ಕೋಪವೂ ಇಳಿದು, ಬಂದವರಿಗೆಲ್ಲ ನಮ್ಮ ಮನೆಯವಳ ಭಕ್ತಿಯ ಕಥೆ ಹೇಳಿ ನಗಿಸುವುದು ಅವರ ಅಭ್ಯಾಸವಾಯಿತು. ಅತ್ತೆಯೂ ನಗುತ್ತಿದ್ದರು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಹಿಂದಿನ ದಿನ ಮಧ್ಯಾಹ್ನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅತ್ತೆ ಹಿತ್ತಿಲ ಕಲ್ಲಿನ ಮೇಲೆ ಪಾತ್ರೆಗಳನ್ನು ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಟ್ಟಲು ತುಂಬ ನೆನೆಸಿದ ಹುಣಸೆಹಣ್ಣು. ದೀಪಗಳು ಆದವು, ಬಿಂದಿಗೆ ಆಯಿತು, ಗಂಟೆ ಆಯಿತು. ಕೊನೆಗೆ ರಿವಾಲ್ವರನ್ನು ಮಡಿಲಲ್ಲಿ ಇಟ್ಟುಕೊಂಡರು. ಇನ್ನು ಹುಣಸೆಯಿಂದ ಕೆಡುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ, ಧಾರಾಳವಾಗಿ ತಿಕ್ಕಿ ಎಂದು ನಾನು ತಮಾಷೆ ಮಾಡಿದೆ. ಅತ್ತೆ ಬಟ್ಟಲನ್ನು ದೂರ ಸರಿಸಿ, ಕೈ ತೊಳೆದು ಒರೆಸಿಕೊಂಡು, ಕೊಬ್ಬರಿ ಎಣ್ಣೆಯ ಶೀಷೆ ತೆಗೆದರು. ಹಳೆಯ ಸೀರೆಯ ಚೂರಿಗೆ ಎಣ್ಣೆ ಹಾಕಿ, ನಳಿಕೆಯ ಮೇಲೆ, ಹಿಡಿಕೆಯ ಸಂದಿನಲ್ಲಿ, ಒಂದು ಹನಿ ನೀರೂ ತಾಕಿಸದೆ ಒರೆಸತೊಡಗಿದರು. ದೋಸೆ ಕಾವಲಿಯನ್ನು ಎತ್ತಿಡುವ ಮುಂಚೆ ಅವರು ಒರೆಸುವುದು ಹಾಗೆ.

ನಾನು ಆ ಕೈಗಳನ್ನೇ ನೋಡುತ್ತ ಕೂತೆ. ತಲೆಯೊಳಗೆ ಏನೋ ಕಳಚಿಬಿದ್ದಂತಾಯಿತು. ಈ ಸಲ ಹುಣಸೆಹಣ್ಣು ಯಾಕೆ ಬೇಡ ಎಂದು ಕೇಳಿದೆ.

"ಅದರ ಕೆಲ್ಸ ಮುಗೀತಲ್ಲ," ಎಂದರು ಅತ್ತೆ. ನನ್ನ ಮುಖ ನೋಡಿ ಮತ್ತೆ ಹೇಳಿದರು. "ಕಬ್ಬಿಣಕ್ಕೆ ಹುಳಿ ಮುಟ್ಟಿಸಬಾರ್ದು ಅಂತ ನಿಂಗೆ ಬೈದು ಹೇಳಿಕೊಟ್ಟೋಳು ನಾನು. ನಂಗೇ ಗೊತ್ತಿರ್ನಿಲ್ಲ ಅಂತ ನೀನು ಹೆಂಗವ್ವ ನಂಬಿದೆ?"

ಆಮೇಲೆ ಒರೆಸುತ್ತಲೇ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಶಿವಕಿರಣ ಇನ್ನೂ ನಡೆಯಲು ಕಲಿಯದ ಕಾಲ. ಸೀತಾರಾಮ ರಾಯರು ಪಕ್ಕದ ಜಾಗ ಕೊಂಡು ಗೋಡೆ ಎಬ್ಬಿಸುತ್ತಿದ್ದರು. ಗೋಡೆ ನಮ್ಮ ಕಡೆಗೆ ಒಂದು ಗೇಣು ಬಂದಿದೆ ಎಂದು ಮಾವ, ಇಲ್ಲ ಎಂದು ರಾಯರು. ಇಬ್ಬರಿಗೂ ಬಿಸಿರಕ್ತ. ಮಾತಿಗೆ ಮಾತು ಬೆಳೆದು ರಾಯರ ಬಾಯಿಂದ ನಂಜುಂಡಪ್ಪನವರ ಬಗ್ಗೆ ಆಡಬಾರದ ಮಾತು ಬಂತು. ಮಾವ ಒಳಗೆ ಬಂದು, ಬೀರು ತೆಗೆದು, ರಿವಾಲ್ವರಿಗೆ ಗುಂಡು ತುಂಬಿದರು. ಅತ್ತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತರು. ಮೊದಲು ನಮ್ಮಿಬ್ಬರನ್ನು ಹೊಡೆದು ಆಮೇಲೆ ಹೊರಗೆ ಹೋಗಿ ಎಂದರು. ಹೊರಗೆ ರಾಯರು ಬೆನ್ನು ತಿರುಗಿಸಿಕೊಂಡು ಇಟ್ಟಿಗೆ ಜೋಡಿಸುತ್ತಿದ್ದರಂತೆ. ಮಾವ ಬಹಳ ಹೊತ್ತು ನಿಂತಿದ್ದು ಕೊನೆಗೆ ನೆಲದ ಮೇಲೆ ಕೂತು ಅತ್ತರು. ಅತ್ತೆಯ ಕೈಗೆ ಬೀಗದ ಕೈ ಕೊಟ್ಟರು. ಗುಂಡುಗಳನ್ನು ಮಾವನೇ ತೆಗೆದುಕೊಂಡು ಹೋಗಿ ಅಂಗಡಿಗೆ ಹಿಂದಿರುಗಿಸಿದರು. ಆ ದಿನದ ಮಾತನ್ನು ಗಂಡ ಹೆಂಡತಿ ಇಬ್ಬರೂ ಮತ್ತೆ ಎತ್ತಲಿಲ್ಲ. ರಾಯರಿಗೆ ಇವತ್ತಿ‌ಗೂ ಗೊತ್ತಿಲ್ಲ.

ಬೀಗದ ಕೈ ನಿಮ್ಮ ಹತ್ತಿರ ಬಂದಿತ್ತಲ್ಲ, ಗುಂಡೂ ಹೋಗಿತ್ತಲ್ಲ, ಆಮೇಲೂ ಯಾಕೆ ಎಂದು ಕೇಳಿದೆ.

"ಗುಂಡು ಯಾವತ್ತು ಬೇಕಾದ್ರೂ ಸಿಗ್ತದೆ, ಲೈಸೆನ್ಸ್ ಇತ್ತಲ್ಲ. ಬೀಗದ ಕೈ ಕೊಟ್ರು, ಸರಿ. ಕೋಪ ಕೊಟ್ರಾ? ನಾಳೆ ಗಂಡ ಬಂದು ಬೀಗದ ಕೈ ಕೊಡು ಅಂದ್ರೆ ಆಗಲ್ಲ ಅನ್ನೋಕಾಗ್ತದಾ? ಅದಕ್ಕೇ ಆ ವರ್ಷದ ಪೂಜೇಲಿ ಹುಣಸೆ ನೀರಲ್ಲಿ ಮುಳುಗ್ಸಿಟ್ಟೆ. ಮುಂದಿನ ವರ್ಷಾನೂ ಇಟ್ಟೆ."

ಸರ್ಕಾರ ಪ್ರತಿ ಸಲ ಠಸ್ಸೆ ಒತ್ತಿ ನವೀಕರಿಸಿಕೊಟ್ಟ ಲೈಸೆನ್ಸನ್ನು ಈ ಹೆಂಗಸು ಹಿತ್ತಿಲಲ್ಲಿ ಕೂತು ಪ್ರತಿ ವರ್ಷ ರದ್ದು ಮಾಡುತ್ತಿದ್ದರು. ನಾನೋ, ಕೋಟು ಹಾಕಿಕೊಂಡು ಹೋಗಿ, ಇವರು ಏನೂ ಅರಿಯದವರು ಎಂದು ಅಧಿಕಾರಿಯ ಮುಂದೆ ಹೇಳಿ ನಗಿಸಿ ಬಂದಿದ್ದೆ. ನಾಚಿಕೆಯಾಯಿತು. ನಾನು ಹೇಳಿದ್ದು ಸುಳ್ಳಾಯಿತಲ್ಲ ಅತ್ತೆ ಎಂದೆ. ತೊಳೆದದ್ದೂ ನಿಜ, ಪೂಜೆ ಮಾಡಿದ್ದೂ ನಿಜ, ಅದರಲ್ಲಿ ಸುಳ್ಳೇನಿದೆ ಎಂದು ಅವರು ರಿವಾಲ್ವರನ್ನು ಬಿಸಿಲಿಗೆ ಹಿಡಿದು ನೋಡಿದರು. ಅದು ಹೊಳೆಯುತ್ತಿತ್ತು. ಇನ್ನು ಇದು ನಿಮ್ಮ ಮಾವನ ಅಪ್ಪನದು, ತುಕ್ಕು ಹಿಡಿಯಬಾರದು ಎಂದರು.

ಅಷ್ಟರಲ್ಲಿ ಗೋಡೆಯ ಸಂದಿನಿಂದ ಸೀತಾರಾಮ ರಾಯರು ಬೂದುಗುಂಬಳಕಾಯಿಯೊಂದನ್ನು ತಬ್ಬಿಕೊಂಡು ಅಡ್ಡಡ್ಡ ನುಸುಳುತ್ತಿದ್ದರು. ಮಾವ ವರಾಂಡದಿಂದ ಓಡಿಬಂದು, ಬೀಳುತ್ತೀರಿ ಮಾರಾಯರೆ ಎಂದು ಗದರಿಸಿ, ಒಂದು ಕೈಯಲ್ಲಿ ಕಾಯಿಯನ್ನೂ ಇನ್ನೊಂದು ಕೈಯಲ್ಲಿ ಅವರ ರಟ್ಟೆಯನ್ನೂ ಹಿಡಿದುಕೊಂಡರು. ಅತ್ತೆ ರಿವಾಲ್ವರನ್ನು ನನ್ನ ಮಡಿಲಿಗಿಟ್ಟು ಎದ್ದರು.

"ಅಣ್ಣಂಗೆ ಕಾಫಿ ಇಡ್ತೀನಿ," ಎಂದು ಒಳಗೆ ಹೋದರು.